ಜೀಪು ಎತ್ತರಿಸಿದ ಮೇಲೆ ಶಾಫ್ಟಿನ ಕೋನವನ್ನೂ ನೋಡಿ

ನಮ್ಮ ಮೂಡಿಗೆರೆ ಕಡೆ ಹಳೇ ಜೀಪಿಗೆ ದೊಡ್ಡ ಟೈರ್ ಹಾಕಿ, ಸ್ಪ್ರಿಂಗ್ ಎತ್ತರಿಸಿಕೊಳ್ಳುವವರು ಬಹಳ. ಎಷ್ಟು ಇಂಚು ಎತ್ತರಿಸಿದಿರಿ ಎಂದು ಎಲ್ಲರೂ ಕೇಳುತ್ತಾರೆ. ಅಡಿಯಲ್ಲಿರುವ ಪ್ರೊಪೆಲ್ಲರ್ ಶಾಫ್ಟ್ ಯಾವ ಕೋನದಲ್ಲಿ ಕೂತಿತು ಎಂದು ಕೇಳುವವರು ಕಡಿಮೆ.

ಚಿಕ್ಕಪ್ಪನ ಜೀಪಿನಲ್ಲಿ ಆಗಿದ್ದೂ ಅದೇ. ಹಿಂದಿನ ಹೌಸಿಂಗಿನ ಸ್ಪ್ರಿಂಗ್ ಸೀಟನ್ನು ಕತ್ತರಿಸಿ ಹೊಸದಾಗಿ ವೆಲ್ಡ್ ಮಾಡಿಸಿದ್ದರು. ಆಮೇಲೆ 45 ಕಿ.ಮೀ. ವೇಗ ದಾಟಿದರೆ ಸಾಕು, ಕೂತವರ ಕಾಲಡಿ ಗುಂಯ್ ಎಂಬ ನಡುಕ. ವೀಲ್ ಬ್ಯಾಲೆನ್ಸ್ ಮಾಡಿಸಿದ್ದಾಯಿತು. ಶಾಫ್ಟಿನ ಕ್ರಾಸ್ ಎರಡು ಸಲ ಬದಲಾಯಿಸಿದ್ದಾಯಿತು. ನಡುಕ ಹೋಗಲಿಲ್ಲ.

ಕೊನೆಗೆ ಹಿರಿಯ ಮೆಕ್ಯಾನಿಕ್ ಒಬ್ಬರು ಜೀಪನ್ನು ಸಮನೆಲದಲ್ಲಿ ನಿಲ್ಲಿಸಿ, ಅಡಿಗೆ ಹೋಗಿ ಮೊಬೈಲಿನ ಲೆವೆಲ್ ಆ್ಯಪ್ ಹಿಡಿದರು. ಟ್ರಾನ್ಸ್‌ಫರ್ ಕೇಸ್ ಹಿಂದಕ್ಕೆ 4 ಡಿಗ್ರಿ ಇಳಿದಿತ್ತು. ಶಾಫ್ಟ್ 10 ಡಿಗ್ರಿ ಇಳಿದಿತ್ತು. ಹಿಂದಿನ ಪಿನಿಯನ್ ಅದೇ 10 ಡಿಗ್ರಿ ಮೂತಿ ಎತ್ತಿಕೊಂಡು ಶಾಫ್ಟಿನ ಕಡೆಗೇ ನೋಡುತ್ತಿತ್ತು. ಅಂದರೆ ಮುಂದಿನ ಜಾಯಿಂಟ್ ಮಡಚಿದ್ದು 6 ಡಿಗ್ರಿ, ಹಿಂದಿನದು ಸೊನ್ನೆ.

“ಶಾಫ್ಟ್ ನೆಟ್ಟಗೆ ಕೂತಿದೆಯಲ್ಲಪ್ಪ, ಒಳ್ಳೇದೇ ಅಲ್ವಾ?” ಎಂದರು ಚಿಕ್ಕಪ್ಪ.

“ನೋಡೋಕೆ ನೆಟ್ಟಗಿದೆ ಸಾರ್. ಆದ್ರೆ ಎರಡು ಜಾಯಿಂಟೂ ಒಂದೇ ಸಮ ಮಡಚಬೇಕು. ಜೋಡಿ ಎತ್ತಲ್ವಾ ಅವು!”

ಇದರ ಲೆಕ್ಕ ಹೀಗಿದೆ. ಮಡಚಿದ ಜಾಯಿಂಟ್ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ಮುಂದೋಡಿ, ಎರಡು ಸಲ ಹಿಂದೆ ಬೀಳುತ್ತದೆ. ಕೋನ 30 ಡಿಗ್ರಿ ಇದ್ದರೆ, ಈ ಕಡೆ ನಿಮಿಷಕ್ಕೆ 1000 ಸುತ್ತಿನ ವೇಗ ಕೊಟ್ಟಾಗ ಆ ಕಡೆಯ ವೇಗ 866ರಿಂದ 1155ರವರೆಗೆ ಏರಿಳಿಯುತ್ತದೆ. ಪಿಟಿಒ ಚಾಲೂ ಇಟ್ಟುಕೊಂಡೇ ರೋಟಾವೇಟರ್ ಮೇಲೆತ್ತಿದಾಗ ಕಟಕಟ ಸದ್ದು ಬರುವುದು ಇದರಿಂದಲೇ. 6 ಡಿಗ್ರಿಯಲ್ಲಿ ಏರಿಳಿತ ಒಟ್ಟು ಸುಮಾರು 11 ಸುತ್ತು ಮಾತ್ರ. ಆದರೂ ಅದನ್ನು ಸರಿದೂಗಿಸಲು ಇನ್ನೊಂದು ತುದಿಯ ಜಾಯಿಂಟ್ ಅಷ್ಟೇ ಮಡಚಬೇಕು. ಸೊನ್ನೆಯಲ್ಲಿ ಕೂತರೆ ಸರಿದೂಗುವುದಿಲ್ಲ. ಜೊತೆಗೆ ಅದರ ಸೂಜಿ ಬೇರಿಂಗುಗಳು ಉರುಳದೆ ಒಂದೇ ಜಾಗದಲ್ಲಿ ಒತ್ತಿ ಕುಳಿ ಬೀಳುತ್ತವೆ.

ಹಾಗಾಗಿ ಟ್ರಾನ್ಸ್‌ಫರ್ ಕೇಸ್ 4 ಡಿಗ್ರಿ ಇಳಿದಿದ್ದರೆ ಪಿನಿಯನ್ 4 ಡಿಗ್ರಿ ಮೂತಿ ಎತ್ತಿರಬೇಕು. ಎಕ್ಸಲೇಟರ್ ಒತ್ತಿದಾಗ ಪಟ್ಟಿ ಸ್ಪ್ರಿಂಗ್ ತಿರುಚಿ ಪಿನಿಯನ್ ಇನ್ನೂ ಮೇಲೇಳುತ್ತದೆಂದು ಅವರು 3ಕ್ಕೇ ನಿಲ್ಲಿಸಿ ಸೀಟನ್ನು ಮತ್ತೆ ವೆಲ್ಡ್ ಮಾಡಿದರು. ನಡುಕ ನಿಂತಿತು.

ನಡುಕವೊಂದೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಹಲವು ಹಳೇ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ. ಇಳಿಜಾರಿನಲ್ಲಿ ಕ್ರಾಸ್ ಮುರಿದು ಹಿಂದಿನ ಶಾಫ್ಟ್ ಕಳಚಿದರೆ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರ ಹಿಡಿಯುವುದಿಲ್ಲ, ಗೇರಿನ ಹಿಡಿತವೂ ಹೋಗುತ್ತದೆ. ನಮ್ಮಲ್ಲಿ ಆ ಜೀಪಿನ ಹಿಂದೆ ಕೂರುವುದು ತೋಟದ ಆಳುಗಳು, ಶಾಲೆಯ ಮಕ್ಕಳು.

ನೀವೂ ಅಳತೆ ಮಾಡಿಸಿ. ಎಂಜಿನ್ ಬಂದ್ ಮಾಡಿ, ಚಕ್ರಗಳಿಗೆ ಕಲ್ಲು ಕೊಡಿ. ಜ್ಯಾಕ್ ಮೇಲೆ ನೇತಾಡಿಸಬೇಡಿ, ಜೀಪು ತನ್ನ ಚಕ್ರಗಳ ಮೇಲೇ ನಿಂತಿರಲಿ. ಟ್ರಾನ್ಸ್‌ಫರ್ ಕೇಸ್, ಶಾಫ್ಟ್, ಪಿನಿಯನ್, ಮೂರರ ಕೋನ ಬರೆದುಕೊಳ್ಳಿ. ಶಾಫ್ಟಿನ ಎರಡೂ ತುದಿಯ ಕವಲುಗಳು ಒಂದೇ ಸಾಲಿನಲ್ಲಿವೆಯೇ ನೋಡಿ. ಬಿಚ್ಚಿ ಜೋಡಿಸುವಾಗ ಒಂದು ಹಲ್ಲು ತಪ್ಪಿದರೂ ನಡುಕ ಬರುತ್ತದೆ. ಮುಂದಿನ ತುದಿಯಲ್ಲಿ ಜೋಡಿ ಕ್ರಾಸ್ ಇರುವ ಶಾಫ್ಟಾದರೆ ಮಾತ್ರ ಪಿನಿಯನ್ ಶಾಫ್ಟಿನ ಕಡೆಗೇ ನೋಡಬೇಕು.

ವೆಲ್ಡಿಂಗ್ ಆದ ಮೇಲೆ ತಿದ್ದುವುದು ದುಬಾರಿ. ಟಾಕಿ ಹಾಕಿದ ಹಂತದಲ್ಲೇ ಮೊಬೈಲ್ ಹಿಡಿದು ನೋಡಿದರೆ ಹತ್ತು ನಿಮಿಷದ ಕೆಲಸ.