ಎದುರಾಳಿ ಇದ್ದರೆ ಆಟ

ಎರಡು ತಂಡಗಳು ಇದುವರೆಗೆ ಎಷ್ಟು ಸಲ ಎದುರಾಗಿವೆ, ಯಾರು ಎಷ್ಟು ಗೆದ್ದಿದ್ದಾರೆ, ಎಷ್ಟು ಆಟಗಳು ಸಮನಾಗಿ ಮುಗಿದಿವೆ ಎಂದು ಲೆಕ್ಕ ಇಡುವ ಹವ್ಯಾಸ ಬಹಳ ಹಳೆಯದು. ಸ್ಪೇನ್ ದೇಶದ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಕ್ಲಬ್ಬುಗಳು ಮೊದಲ ಬಾರಿ ಎದುರಾದದ್ದು 1902ರ ಮೇ 13ರಂದು. ಬಾರ್ಸಿಲೋನಾ 3-1ರಿಂದ ಗೆದ್ದಿತು. ಅಂದಿನಿಂದ ಇಂದಿನವರೆಗೂ ಅಲ್ಲಿಯ ಜನ ಆ ಎರಡು ತಂಡಗಳ ಲೆಕ್ಕವನ್ನು ಮನೆಯ ಹಿರಿಯರ ಹೆಸರುಗಳಂತೆ ಬಾಯಿಪಾಠ ಮಾಡಿಕೊಂಡು ಬಂದಿದ್ದಾರೆ. ಅಪ್ಪ ಹೇಳಿದ್ದನ್ನು ಮಗ, ಮಗ ಹೇಳಿದ್ದನ್ನು ಮೊಮ್ಮಗ.

ಅಂಥದೇ ಒಂದು ಲೆಕ್ಕ ಹೊಸಪೇಟೆಯ ಒಂದು ಮನೆಯಲ್ಲೂ ಇತ್ತು. ಅಪ್ಪನದು ಬೆಲ್ಲದ ದಲಾಲಿ ಅಂಗಡಿ. ರಾತ್ರಿ ಊಟಕ್ಕೆ ಮೊದಲು ಅವರು ಜಮಾ-ಖರ್ಚಿನ ಪುಸ್ತಕ ಬಿಡಿಸಿ ಕೂತರೆ, ಎದುರಿಗೆ ಒಂಬತ್ತನೆಯ ತರಗತಿಯ ಮಗ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ತನ್ನದೊಂದು ಪುಸ್ತಕ ಬರೆಯುತ್ತಿದ್ದ. ಎಡಗಡೆ ಬೆಂಗಳೂರು ಎಫ್‌ಸಿ, ಬಲಗಡೆ ಕೇರಳ ಬ್ಲಾಸ್ಟರ್ಸ್. ನಡುವೆ ತಾರೀಖು, ಊರು, ಗೋಲು.

ಅವನಿಗೆ ಬೆಂಗಳೂರು ತಂಡದ ಹುಚ್ಚು ಹಿಡಿಯಲು ಕಾರಣ ದೂರದ ಬೆಂಗಳೂರಲ್ಲ, ಹತ್ತಿರದ ತೋರಣಗಲ್ಲು. ಸಂಡೂರು ತಾಲ್ಲೂಕಿನ ಈ ಊರಿನ ಉಕ್ಕಿನ ಕಾರ್ಖಾನೆಯ ಒಡೆಯರಾದ ಜೆಎಸ್‌ಡಬ್ಲ್ಯು ಸಂಸ್ಥೆಯೇ 2013ರಲ್ಲಿ ಬೆಂಗಳೂರು ಎಫ್‌ಸಿಯನ್ನು ಕಟ್ಟಿದ್ದು. ಮೊದಲ ವರ್ಷವೇ ಐ-ಲೀಗ್ ಪ್ರಶಸ್ತಿ ಗೆದ್ದ ತಂಡ ಅದು. 2018ರಲ್ಲಿ ಕಾರ್ಖಾನೆಯ ಪಕ್ಕದಲ್ಲೇ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ತರಬೇತಿ ಕೇಂದ್ರ ಆರಂಭವಾಯಿತು. ಋತು ಶುರುವಾಗುವ ಮೊದಲಿನ ತಂಡದ ಸಿದ್ಧತಾ ಶಿಬಿರಗಳು ಅಲ್ಲಿ ನಡೆದಿವೆ. ಟಿ.ವಿ.ಯಲ್ಲಿ ಕಾಣುವ ಆಟಗಾರರು ತಮ್ಮ ಕಡೆಯ ಬಿಸಿಲಿನಲ್ಲೇ ಬೆವರು ಸುರಿಸುತ್ತಾರೆಂದರೆ ಹುಡುಗರಿಗೆ ಅದಕ್ಕಿಂತ ಹೆಚ್ಚಿನದು ಏನು ಬೇಕು?

ನೋಟ್‌ಬುಕ್ಕಿನ ಬಲಗಡೆಯ ಅಂಕಣ ಅವನ ಬೆಂಚಿನ ಗೆಳೆಯನದು. ಗೆಳೆಯನ ತಂದೆ ಕೇರಳದವರು, ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸ, ಹೊಸಪೇಟೆಯಲ್ಲಿ ಬಾಡಿಗೆ ಮನೆ. ಮಗ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಆದರೂ ಕೊಚ್ಚಿಯ ಹಳದಿ ಅಂಗಿಯ ತಂಡ ಆಡಿದರೆ ಆ ಮನೆಯಲ್ಲಿ ಅಡುಗೆ ತಡವಾಗುತ್ತಿತ್ತು.

ಬೆಂಗಳೂರು ತಂಡ ಇಂಡಿಯನ್ ಸೂಪರ್ ಲೀಗಿಗೆ ಸೇರಿದ್ದು 2017ರಲ್ಲಿ. ಅದೇ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು ಕೊಚ್ಚಿಯಲ್ಲಿ ಮೊದಲ ಮುಖಾಮುಖಿ. ಹೊಸ ವರ್ಷದ ಹುರುಪಿನಲ್ಲಿದ್ದ ಮೈದಾನವನ್ನು ಬೆಂಗಳೂರು 3-1ರಿಂದ ತಣ್ಣಗೆ ಮಾಡಿತು. ಮರಳಿ ಬೆಂಗಳೂರಿನಲ್ಲಿ 2-0. 2019ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ಬಂದ ಬ್ಲಾಸ್ಟರ್ಸ್ ಎರಡು ಗೋಲು ಮುಂದಿದ್ದರೂ ಕೊನೆಗೆ 2-2ಕ್ಕೆ ತೃಪ್ತಿಪಡಬೇಕಾಯಿತು. ಕೇರಳದವರಿಗೆ ಮೊದಲ ಗೆಲುವು ದಕ್ಕಿದ್ದು 2020ರ ಫೆಬ್ರವರಿ 15ರಂದು, ಕೊಚ್ಚಿಯಲ್ಲಿ, 2-1ರಿಂದ. ಅಷ್ಟು ಹೊತ್ತಿಗೆ ಬೆಂಗಳೂರು ನಾಲ್ಕು ಸಲ ಗೆದ್ದಾಗಿತ್ತು. ಈ ಹಳೆಯ ಲೆಕ್ಕವನ್ನೆಲ್ಲ ಇಬ್ಬರು ಹುಡುಗರೂ ಕೂಡಿಯೇ ಬರೆದಿದ್ದರು. ಒಬ್ಬ ಹೇಳುವುದು, ಇನ್ನೊಬ್ಬ ಬರೆಯುವುದು.

ಬರೆಯುವುದು ನಿಂತದ್ದು 2023ರ ಮಾರ್ಚ್ 3ರ ಶುಕ್ರವಾರ ರಾತ್ರಿ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಾಕೌಟ್ ಪಂದ್ಯ, ಸೋತವರು ಮನೆಗೆ. ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಅವಧಿಯ 97ನೆಯ ನಿಮಿಷದಲ್ಲಿ ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು. ಕೇರಳದ ಆಟಗಾರರು ಇನ್ನೂ ಅಡ್ಡಗೋಡೆಯಂತೆ ನಿಲ್ಲಲು ಸಿದ್ಧರಾಗುತ್ತಿದ್ದರು, ಗೋಲ್‌ಕೀಪರ್ ಅವರನ್ನು ಸರಿಪಡಿಸುತ್ತಿದ್ದ. ಅಷ್ಟರಲ್ಲಿ ಸುನಿಲ್ ಚೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಸೇರಿಸಿಬಿಟ್ಟರು. ರೆಫ್ರಿ ಗೋಲು ಕೊಟ್ಟರು. ನಿಯಮದ ಪ್ರಕಾರ ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರ ನಿಲ್ಲಬೇಕು. ಆದರೆ ಒದೆಯುವವರು ಅದಕ್ಕಾಗಿ ಕಾಯಲೇಬೇಕೆಂದಿಲ್ಲ. ಕಾಯಿರಿ ಎಂದು ರೆಫ್ರಿ ಸೂಚಿಸಿದ್ದರೆ ಮಾತ್ರ ಸೀಟಿಯ ತನಕ ತಡೆಯಬೇಕು. ಸೂಚಿಸಿದ್ದರೇ ಇಲ್ಲವೇ ಎಂಬುದೇ ಜಗಳ. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನೆಲ್ಲ ಮೈದಾನದಿಂದ ಹೊರಕ್ಕೆ ಕರೆದುಕೊಂಡು ಹೋದರು. ತಂಡ ಮರಳಿ ಬರಲಿಲ್ಲ. ಬೆಂಗಳೂರು 1-0ರಿಂದ ಗೆದ್ದಿತೆಂದು ಸಾರಲಾಯಿತು. ಮುಂದೆ ಫುಟ್‌ಬಾಲ್ ಫೆಡರೇಷನ್ ಬ್ಲಾಸ್ಟರ್ಸ್ ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿ ದಂಡ, ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ ವಿಧಿಸಿತು. ಕ್ಲಬ್ಬೂ ಕೋಚ್ ಕೂಡ ಕ್ಷಮೆ ಕೇಳಿದರು.

ಶನಿವಾರ ಬೆಳಗಿನ ಶಾಲೆ. ಪ್ರಾರ್ಥನೆ ಮುಗಿಯುವ ಮೊದಲೇ ಒಬ್ಬ ‘ಕಳ್ಳ ಗೋಲು’ ಎಂದ. ಇನ್ನೊಬ್ಬ ‘ಓಡಿಹೋದವರು’ ಎಂದ. ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಾತು ತಂಡ ಬಿಟ್ಟು ಊರಿಗೆ, ಊರು ಬಿಟ್ಟು ಭಾಷೆಗೆ ಬಂತು. ‘ಇಲ್ಲಿ ಅನ್ನ ತಿಂದು ಅಲ್ಲಿಗೆ ಜೈ ಅಂತೀಯಾ’ ಎಂದು ಬೆಲ್ಲದಂಗಡಿಯ ಹುಡುಗ ಅಂದುಬಿಟ್ಟ. ಸೋಮವಾರ ಗೆಳೆಯ ಹಿಂದಿನ ಬೆಂಚಿಗೆ ಹೋಗಿ ಕೂತ. ನೋಟ್‌ಬುಕ್ಕಿನಲ್ಲಿ ಆ ದಿನದ 1-0ರ ಕೆಳಗೆ ಕೆಂಪು ಶಾಯಿಯ ಎರಡು ಗೆರೆ ಬಿದ್ದವು.

ಇಷ್ಟೊಂದು ಕಹಿ ಒಂದು ಗೋಲಿನಿಂದಲೇ ಬಂತೆಂದರೆ ನಂಬುವುದು ಕಷ್ಟ. ಆ ಮನೆಯಲ್ಲಿ ಇನ್ನೊಂದು ಲೆಕ್ಕವೂ ನಡೆದಿತ್ತು. ಪ್ರತಿ ಪರೀಕ್ಷೆಯ ಅಂಕಪಟ್ಟಿ ಬಂದಾಗ ಅಪ್ಪ ಮೊದಲು ಕೇಳುತ್ತಿದ್ದುದು ‘ಅವನಿಗೆಷ್ಟು?’ ಎಂದು. ಆಮೇಲೆ ‘ನಿನಗೆಷ್ಟು?’ ಗಣಿತದಲ್ಲಿ ಗೆಳೆಯ ಯಾವಾಗಲೂ ನಾಲ್ಕೈದು ಅಂಕ ಮುಂದೆ. ಬೇರೆ ಊರಿಂದ ಬಂದ ಹುಡುಗ ಅಷ್ಟು ತೆಗೆಯುತ್ತಾನೆ, ನಿನಗೇನಾಗಿದೆ ಎಂಬ ಮಾತು ಆ ಮನೆಯ ಗೋಡೆಗಳಿಗೂ ಪಾಠವಾಗಿತ್ತು. ಅಪ್ಪನಲ್ಲಿ ದ್ವೇಷವೇನೂ ಇರಲಿಲ್ಲ. ಮಗನಿಗೆ ಛಲ ಬರಲಿ ಎಂಬ ಆಸೆ, ಅಷ್ಟೇ. ಆದರೆ ಮನೆಯಲ್ಲಿ ದಿನವೂ ಸೋಲುವ ಹುಡುಗನಿಗೆ ಮೈದಾನದಲ್ಲಿ ಸಿಕ್ಕ ಒಂದು ಗೆಲುವು ಚಾವಟಿಯಂತೆ ಕಂಡಿತು.

ಛಲ ಬಂತೇ? ಹತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಬಂದಾಗ ಹುಡುಗನ ಗಣಿತ ಇನ್ನಷ್ಟು ಕುಸಿಯಿತು. ಗೆಳೆಯನ ಕನ್ನಡವೂ ಕುಸಿಯಿತು. ಸಂಜೆ ಕೂಡಿ ಓದುವಾಗ ಒಬ್ಬ ಬೀಜಗಣಿತ ಹೇಳಿಕೊಡುತ್ತಿದ್ದ, ಇನ್ನೊಬ್ಬ ಸಂಧಿ-ಸಮಾಸ, ಹಳಗನ್ನಡ ಪದ್ಯ ಬಿಡಿಸಿ ಹೇಳುತ್ತಿದ್ದ. ಈ ಲೇವಾದೇವಿ ಯಾವ ತಂದೆಯ ಪುಸ್ತಕದಲ್ಲೂ ದಾಖಲಾಗಿರಲಿಲ್ಲ. ಪರೀಕ್ಷೆಗಳಲ್ಲಿ ಇಬ್ಬರೂ ಎದುರಾಳಿಗಳೆಂದು ದೊಡ್ಡವರು ಎಣಿಸುತ್ತಿದ್ದಾಗ, ಅವರು ಒಬ್ಬರನ್ನೊಬ್ಬರು ಮೇಲಕ್ಕೆತ್ತುತ್ತಿದ್ದರು.

ಆ ವರ್ಷದ ದಸರಾ ರಜೆಗೆ ಹುಡುಗ ಕಂಪ್ಲಿಯಲ್ಲಿರುವ ತಾಯಿಯ ತಂದೆಯ ಮನೆಗೆ ಹೋದ. ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಬಸ್ಸು ಕಮಲಾಪುರದ ಮೇಲೆ, ಹಂಪಿಯ ಹಾಳುಗೋಡೆಗಳ ಮಗ್ಗುಲಲ್ಲೇ ಸಾಗುತ್ತದೆ. ಎದುರಾಳಿಗಳ ಲೆಕ್ಕ ಇಡುವವರು ಒಮ್ಮೆ ನೋಡಬೇಕಾದ ಊರು ಅದು. ಕೃಷ್ಣಾ-ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಗಾಗಿ ವಿಜಯನಗರದವರೂ ಬಹಮನಿಗಳೂ, ಆಮೇಲೆ ವಿಜಾಪುರದವರೂ ಎರಡು ಶತಮಾನ ಕಾದಾಡಿದರು. ಒಮ್ಮೆ ಇವರು, ಒಮ್ಮೆ ಅವರು. 1520ರಲ್ಲಿ ರಾಯಚೂರಿನಲ್ಲಿ ಕೃಷ್ಣದೇವರಾಯ ಗೆದ್ದ. 1565ರ ಜನವರಿಯಲ್ಲಿ ರಕ್ಕಸ-ತಂಗಡಿಯ ಬಳಿ ವಿಜಯನಗರ ಸೋತಿತು, ರಾಜಧಾನಿ ಹಾಳಾಯಿತು. ಯುದ್ಧದಲ್ಲಿ ಎಷ್ಟು ಸಲ ಗೆದ್ದಿದ್ದರೇನು, ಕೊನೆಯ ಒಂದು ಸೋಲು ಹಿಂದಿನ ಲೆಕ್ಕವನ್ನೆಲ್ಲ ನುಂಗಿಬಿಡುತ್ತದೆ. ಆಟ ಹಾಗಲ್ಲ. ಅಲ್ಲಿ ಸೋತವನು ಮುಂದಿನ ವರ್ಷ ಬರುತ್ತಾನೆ.

ಆದರೆ ಆಟವನ್ನೇ ಯುದ್ಧ ಮಾಡಿಕೊಂಡವರೂ ಇದ್ದಾರೆ. ಕಲ್ಕತ್ತೆಯ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳ ಪೈಪೋಟಿ 1925ರಿಂದ ನಡೆದು ಬಂದದ್ದು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಈ ತಂಡಗಳ ಪಂದ್ಯದ ವೇಳೆ ನಡೆದ ಗಲಭೆ, ನೂಕುನುಗ್ಗಲಿನಲ್ಲಿ 16 ಮಂದಿ ಪ್ರೇಕ್ಷಕರು ಸತ್ತರು. 1943ರಲ್ಲಿ ರಿಯಲ್ ಮ್ಯಾಡ್ರಿಡ್ ತಂಡ ಬಾರ್ಸಿಲೋನಾವನ್ನು 11-1ರಿಂದ ಸೋಲಿಸಿತೆಂದು ದಾಖಲೆ ಹೇಳುತ್ತದೆ. ಸರ್ವಾಧಿಕಾರಿ ಫ್ರಾಂಕೋನ ಕಾಲದ ಆ ಪಂದ್ಯದಲ್ಲಿ ತಮ್ಮ ಆಟಗಾರರಿಗೆ ಬೆದರಿಕೆಯಿತ್ತೆಂದು ಬಾರ್ಸಿಲೋನಾದವರು ಇಂದಿಗೂ ಹೇಳುತ್ತಾರೆ. ಅದೇ ಎರಡು ತಂಡಗಳ ಚರಿತ್ರೆಯಲ್ಲಿ ಇನ್ನೊಂದು ದಿನವೂ ಇದೆ. 2005ರ ನವೆಂಬರ್ 19ರಂದು ಮ್ಯಾಡ್ರಿಡ್‌ನಲ್ಲಿ ಬಾರ್ಸಿಲೋನಾದ ರೊನಾಲ್ಡಿನೊ ಎರಡು ಗೋಲು ಹೊಡೆದಾಗ, 3-0ರಿಂದ ಸೋಲುತ್ತಿದ್ದ ತಂಡದ ಅಭಿಮಾನಿಗಳೇ ಎದ್ದುನಿಂತು ಚಪ್ಪಾಳೆ ತಟ್ಟಿದರು. ಸೋತ ಊರಿನವರು ಇಂದಿಗೂ ತಲೆಯೆತ್ತಿ ಹೇಳಿಕೊಳ್ಳಬಹುದಾದ ದಿನ ಅದು.

ಕಂಪ್ಲಿಯಲ್ಲಿ ಚೆಂಡಾಟದ ನೆನಪಿಗೇನೂ ಕೊರತೆಯಿಲ್ಲ. ಕಂಪಿಲರಾಯನ ಮಗ ಕುಮಾರರಾಮ ಆಡುತ್ತಿದ್ದ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬಿದ್ದು, ಅದನ್ನು ತರಲು ಹೋದವನಿಗೆ ಒದಗಿದ ಆಪತ್ತಿನ ಕತೆ ಆ ಸೀಮೆಯ ಹಿರಿಯರೆಲ್ಲ ಬಲ್ಲದ್ದು. ತಾತ ಮಾತ್ರ ಹುಡುಗನಿಗೆ ಬೇರೆ ಕತೆ ಹೇಳಿದರು. ಅದು ಕ್ರಿಕೆಟ್ಟಿನದು. 1958-59ರಿಂದ ಹದಿನೈದು ವರ್ಷ ಸತತವಾಗಿ ರಣಜಿ ಟ್ರೋಫಿ ಗೆದ್ದ ಬೊಂಬಾಯಿಯನ್ನು 1974ರ ಮಾರ್ಚಿನಲ್ಲಿ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಕರ್ನಾಟಕ ತಡೆಯಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಗಾವಸ್ಕರ್ ಪ್ರಸನ್ನರಿಗೆ ಬೌಲ್ಡ್. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಆ ಹೆಸರಿನಲ್ಲಿ ಆಡಿದ ಮೊದಲ ಋತುವಿನಲ್ಲೇ ಟ್ರೋಫಿ ಬಂತು. ‘ಮರುವರ್ಷ ಫೈನಲ್ಲಿನಾಗ ಬೊಂಬಾಯಿನೋರು ಬಂದು ನಮ್ಮನ್ನ ಸೋಲಿಸಿ ತಗೊಂಡು ಹೋದ್ರು’ ಎಂದು ತಾತ ನಕ್ಕರು. ‘ಬೊಂಬಾಯಿ ಅಷ್ಟು ದೊಡ್ಡದಿದ್ದಿದ್ದಕ್ಕ ಅಲ್ಲೇನಪ್ಪಾ, ನಾವು ಗೆದ್ದದ್ದು ದೊಡ್ಡದಾಗಿದ್ದು?’

ಆಮೇಲೆ ನೋಟ್‌ಬುಕ್ಕಿನ ಕೆಂಪು ಗೆರೆ ತೋರಿಸಿ ಇದೇನೆಂದು ಕೇಳಿದರು. ಹುಡುಗ ಹೇಳಿದ.

‘ಗೋಲು ಹಾಕಿದ್ದು ಖರೆ. ಇನ್ನ ಎಷ್ಟು ಹೊತ್ತು ಆಟ ಉಳಿದಿತ್ತು?’

‘ಇಪ್ಪತ್ತು ನಿಮಿಷದ ಮೇಲೇ ಇತ್ತು ತಾತ.’

‘ಅವರು ಎದ್ದು ಹೋಗಿದ್ದು ತಪ್ಪು. ಆದ್ರ ಆ ಇಪ್ಪತ್ತು ನಿಮಿಷ ನಿಮಗೂ ಇಲ್ಲದಂಗಾತು. ನೀನೂ ಈಗ ಏಳು ತಿಂಗಳಿಂದ ಎದ್ದು ಹೋಗೀಯಲ್ಲ, ಅದನ್ನ ಯಾವ ಕಡೆ ಬರ್ಕೊಂಡಿ?’

ಹುಡುಗನ ಬಳಿ ಉತ್ತರವಿರಲಿಲ್ಲ.

ರಜೆ ಮುಗಿದು ಊರಿಗೆ ಬಂದ ಕೂಡಲೇ ಎಲ್ಲ ಸರಿಹೋಗಲಿಲ್ಲ. ಮಕ್ಕಳ ಮುನಿಸು ದೊಡ್ಡವರು ಎಣಿಸಿದಷ್ಟು ಹಗುರವಲ್ಲ. ಭಾಷೆಯ ಬಗ್ಗೆ ಆಡಿದ ಮಾತಿಗೆ ಅವನು ಕ್ಷಮೆ ಕೇಳಿದ್ದು ಡಿಸೆಂಬರಿನಲ್ಲಿ, ಸೈಕಲ್ ಸ್ಟ್ಯಾಂಡಿನ ಬಳಿ, ಯಾರೂ ಇಲ್ಲದಾಗ. ಗೆಳೆಯ ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಕನ್ನಡ ನೋಟ್ಸ್ ಕೇಳಿದ. ನೋಟ್ಸಿನ ಜೊತೆ ಆ ಗಣಿತದ ನೋಟ್‌ಬುಕ್ಕೂ ಹೋಯಿತು. ಮರಳಿ ಬಂದಾಗ, ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ ಬ್ಲಾಸ್ಟರ್ಸ್ 2-1ರಿಂದ ಗೆದ್ದದ್ದನ್ನು ಗೆಳೆಯ ತನ್ನ ಕೈಯಾರೆ ಬರೆದಿದ್ದ. ಹುಡುಗ ಅದನ್ನು ಬರೆಯದೇ ಬಿಟ್ಟಿದ್ದ.

2024ರ ಮಾರ್ಚ್ 2ರಂದು, ಆ ನಾಕೌಟ್ ಪಂದ್ಯಕ್ಕೆ ಒಂದು ವರ್ಷ ತುಂಬಲು ಒಂದು ದಿನ ಇರುವಾಗ, ಅದೇ ಕಂಠೀರವಕ್ಕೆ ಬ್ಲಾಸ್ಟರ್ಸ್ ಮತ್ತೆ ಬಂತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೂರು ವಾರವಷ್ಟೇ ಉಳಿದಿದ್ದರೂ ಅಂದು ಎರಡು ತಾಸು ಟಿ.ವಿ.ಗೆ ಅಪ್ಪ ಒಪ್ಪಿದರು. 89ನೆಯ ನಿಮಿಷದಲ್ಲಿ ಹಾವಿ ಹೆರ್ನಾಂಡೆಜ್ ಹೊಡೆದ ಗೋಲಿನಿಂದ ಬೆಂಗಳೂರು ಗೆದ್ದಿತು. ಈ ಸಲ ಎರಡೂ ತಂಡಗಳು ಕೊನೆಯ ಸೀಟಿಯವರೆಗೆ ಮೈದಾನದಲ್ಲಿದ್ದವು. ಸೋತ ಬೇಸರಕ್ಕೆ ಗೆಳೆಯ ಊಟ ಮಾಡದೆ ಹೊರಟಾಗ ಹುಡುಗನ ಅವ್ವ ತಡೆದು ಕೂರಿಸಿದರು.

2024ರ ಡಿಸೆಂಬರ್ 7ರಂದು ಬೆಂಗಳೂರಿನಲ್ಲಿ ಬ್ಲಾಸ್ಟರ್ಸ್ 0-2ರಿಂದ ಚೇತರಿಸಿಕೊಂಡು 2-2 ಮಾಡಿತು. ನಲವತ್ತರ ಚೆಟ್ರಿ ಮೂರು ಗೋಲು ಪೂರೈಸಿ 4-2ರ ಗೆಲುವು ತಂದರು. ಅಲ್ಲಿಗೆ ಸೂಪರ್ ಲೀಗಿನ 17 ಮುಖಾಮುಖಿಗಳಲ್ಲಿ ಬೆಂಗಳೂರಿಗೆ 11, ಕೇರಳಕ್ಕೆ 4, ಎರಡು ಸಮ. ಕಂಠೀರವದಲ್ಲಂತೂ ಬ್ಲಾಸ್ಟರ್ಸ್ ಒಮ್ಮೆಯೂ ಗೆದ್ದಿರಲಿಲ್ಲ. ಆದರೂ ಪ್ರತಿ ಸಲ ಬಸ್ಸು, ರೈಲು ಹತ್ತಿ ಹಳದಿ ಅಂಗಿಯವರು ಬೆಂಗಳೂರಿಗೆ ಬರುತ್ತಾರೆ. ಅವರು ಬಾರದಿದ್ದರೆ ಆ 11ಕ್ಕೆ ಏನು ಬೆಲೆ?

ಹುಡುಗರಿಬ್ಬರೂ ಆ ವೇಳೆಗೆ ಪಿಯುಸಿಯಲ್ಲಿದ್ದರು. ಒಬ್ಬ ಕಾಮರ್ಸ್, ಇನ್ನೊಬ್ಬ ಸೈನ್ಸ್. ಒಬ್ಬರ ಅಂಕವನ್ನು ಇನ್ನೊಬ್ಬರ ಪಕ್ಕದಲ್ಲಿಟ್ಟು ನೋಡುವ ಹಾಗೂ ಇರಲಿಲ್ಲ. ಮಕ್ಕಳಿಗೆ ಸಮರ್ಥ ಎದುರಾಳಿ ಸಿಗುವುದು ಭಾಗ್ಯ. ಆ ಎದುರಾಳಿ ಗೆಳೆಯನೂ ಆಗಿದ್ದರೆ ಇನ್ನೂ ದೊಡ್ಡದು. ಅಂಕಪಟ್ಟಿ ಕೈಗೆ ಬಂದ ದಿನ ತಂದೆತಾಯಿ ಕೇಳಲೇಬೇಕೆಂದಿದ್ದರೆ ‘ಅವನಿಗೆಷ್ಟು?’ ಎನ್ನುವ ಬದಲು ‘ಅವನಿಂದ ಏನು ಕಲಿತೆ?’ ಎಂದು ಕೇಳಿ ನೋಡಬಹುದು. ಉತ್ತರ ತಡವಾಗಿ ಬಂದರೂ ಅದು ಲೆಕ್ಕಕ್ಕೆ ಸೇರಬೇಕಾದದ್ದೇ.