ಬಜಾರ್ ನೇಸ್ತ್

"ಬಜಾರ್ ನೇಸ್ತ್," ಅಂದ ಸೇತುವೆ ಬಳಿ ನಿಂತಿದ್ದ ಸಿಪಾಯಿ. ಮೊದಲ ಪದಕ್ಕೆ ನಾನು ಅರ್ಥ ಹುಡುಕಬೇಕಿರಲಿಲ್ಲ. ಎರಡನೆಯದನ್ನು ಅವನು ಕೈ ಆಡಿಸಿದ ರೀತಿಯೇ ಹೇಳಿತು. ಸಂತೆ ಇಲ್ಲ.

2018ರ ಸೆಪ್ಟೆಂಬರ್, ತಜಿಕಿಸ್ತಾನದ ಇಷ್ಕಾಶಿಮ್. ಪಂಜ್ ನದಿಯ ನಡುಗಡ್ಡೆಯಲ್ಲಿ ಪ್ರತಿ ಶನಿವಾರ ಸಂತೆ ಸೇರುತ್ತದೆ, ಆಚೆ ದಡದಿಂದ ಅಫ್ಘಾನ್ ವ್ಯಾಪಾರಿಗಳು ಬರುತ್ತಾರೆ, ಪಾಸ್‌ಪೋರ್ಟನ್ನು ಬಾಗಿಲಲ್ಲಿ ಕೊಟ್ಟು ಒಳಗೆ ಹೋಗಿ ನೋಡಬಹುದು ಎಂದು ನನ್ನ ಗೈಡ್‌ಬುಕ್ಕು ಅರ್ಧ ಪುಟ ಬರೆದಿತ್ತು. ಆ ಅರ್ಧ ಪುಟಕ್ಕಾಗಿ ನಾನು ಇಡೀ ಪ್ರವಾಸವನ್ನು ಹಿಂದುಮುಂದು ಮಾಡಿ, ಶುಕ್ರವಾರ ರಾತ್ರಿಗೆ ಸರಿಯಾಗಿ ಊರು ಸೇರಿದ್ದೆ. ಸಂತೆ ಯಾವಾಗ ನಿಂತಿತು ಎಂದು ಕೇಳಿದೆ. ಸಿಪಾಯಿ ಬೆರಳು ಮಡಚಿ ಎಣಿಸಲು ಶುರುಮಾಡಿ, ಬೇಸರ ಬಂದು ಬಿಟ್ಟುಬಿಟ್ಟ.

ಪುಸ್ತಕವನ್ನು ಕೊಂಡದ್ದು ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಲ್ಲಿ. ಏಳು ವರ್ಷ ಹಳೆಯ ಆವೃತ್ತಿ. ಪ್ಯಾರಿಸ್ಸಿಗೆ ಹೊರಟವರು ಏಳು ವರ್ಷ ಹಳೆಯ ಪುಸ್ತಕ ಕೊಳ್ಳುವುದಿಲ್ಲ. ಆದರೆ ಯಾರೂ ಹೋಗದ ದೇಶಕ್ಕೆ ಅಂಗಡಿಯಲ್ಲಿ ಸಿಕ್ಕಿದ್ದೇ ಆವೃತ್ತಿ. ಹಿಂದಿನ ಒಡೆಯ ಯಾರೋ ಕೆಲವು ಸಾಲುಗಳ ಕೆಳಗೆ ಪೆನ್ಸಿಲ್ ಎಳೆದಿದ್ದ. ಅವನು ಹೋಗಿ ಬಂದನೋ, ಹೋಗುವ ಆಸೆಯಲ್ಲೇ ಉಳಿದನೋ ಆ ಗೆರೆಗಳು ಹೇಳುತ್ತಿರಲಿಲ್ಲ. ಗೆರೆಗಳೆಲ್ಲ ಊಟದ ಭಾಗದಲ್ಲಿದ್ದವು.

ರಾಜಧಾನಿ ದುಶಾಂಬೆಯಲ್ಲೇ ಪುಸ್ತಕ ಸೋಲತೊಡಗಿತ್ತು. ಡಾಲರಿಗೆ ಐದಕ್ಕಿಂತ ಕಡಿಮೆ ಸೋಮೊನಿ ಎಂದು ಅದರ ಲೆಕ್ಕ, ನನ್ನ ಕೈಗೆ ಬಂದದ್ದು ಒಂಬತ್ತಕ್ಕೂ ಮೀರಿ. ಆ ಸೋಲು ನನಗೆ ಲಾಭವೇ ಆಯಿತು, ದೂರಲಿಲ್ಲ. ನಕ್ಷೆಯಲ್ಲಿ ಗುರುತಿಗೆಂದು ಕೊಟ್ಟಿದ್ದ ಮಾಯಾಕೋವ್‌ಸ್ಕಿ ರಂಗಮಂದಿರವನ್ನು ಹುಡುಕುತ್ತ ರುದಾಕಿ ಬೀದಿಯಲ್ಲಿ ಮೂರು ಸಲ ಅತ್ತಿಂದಿತ್ತ ನಡೆದೆ. ಅದನ್ನು 2016ರಲ್ಲೇ ಕೆಡವಿದ್ದರು. ಪಾಪ, ಪುಸ್ತಕದ್ದೇನು ತಪ್ಪು? ಈ ದೇಶದಲ್ಲಿ ಕಟ್ಟಡವಷ್ಟೇ ಅಲ್ಲ, ಹೆಸರೂ ನಿಲ್ಲುವುದಿಲ್ಲ. 1929ರಿಂದ 1961ರವರೆಗೆ ಈ ಊರೇ ಸ್ತಾಲಿನಾಬಾದ್ ಆಗಿತ್ತು. ದೇಶದ ಅತಿ ಎತ್ತರದ ಶಿಖರ, 7,495 ಮೀಟರಿನದು, ಮೊದಲು ಸ್ತಾಲಿನ್ ಶಿಖರ, ಆಮೇಲೆ ಕಮ್ಯುನಿಸಂ ಶಿಖರ, 1998ರಿಂದ ಇಸ್ಮೊಯಿಲ್ ಸೊಮೊನಿ ಶಿಖರ. ದುಶಾಂಬೆ ಎಂದರೆ ಸೋಮವಾರ. ಸೋಮವಾರದ ಸಂತೆಯಿಂದ ಬೆಳೆದ ಊರು. ನಮ್ಮ ಕೊಡಗಿನ ಸೋಮವಾರಪೇಟೆಯ ನೆಂಟ ಅನ್ನಿ. ಹೀಗೆ ಸಂತೆಯ ಹೆಸರಿನ ಊರಿಂದ ಹೊರಟು, ಸಂತೆಯೇ ಇಲ್ಲದ ಊರಿಗೆ ಬಂದು ನಿಂತಿದ್ದೆ.

ನಡುವಿನ ದಾರಿಗೆ, ಅಂದರೆ ಪಾಮಿರ್ ಸೀಮೆಯ ಮುಖ್ಯ ಊರಾದ ಖೊರೊಗ್‌ಗೆ, ಶಿಖರಗಳ ಸಂದಿಯಲ್ಲಿ ನುಗ್ಗಿ ಹೋಗುವ ಪುಟ್ಟ ವಿಮಾನವನ್ನು ಪುಸ್ತಕ ಬಣ್ಣಿಸಿತ್ತು. ಕೌಂಟರಿನ ಹೆಂಗಸು ಆ ಪುಟ ನೋಡಿ ನಕ್ಕಳು. ಉಳಿದದ್ದು ಹಂಚಿಕೊಂಡು ಹೋಗುವ ಜೀಪು. "ಬೆಳಿಗ್ಗೆ ಏಳಕ್ಕೆ ಹೊರಡುತ್ತದೆ" ಎಂದಿತ್ತು ಪುಸ್ತಕ. ಏಳಕ್ಕೆ ಇಂಜಿನ್ ಶುರುವಾದದ್ದು ನಿಜ. ಆಮೇಲೆ ಎರಡು ಸೀಟು ತುಂಬುವವರೆಗೆ ಊರು ಸುತ್ತಿತು, ಯಾರದೋ ಮನೆಯಿಂದ ಹೊಲಿಗೆ ಯಂತ್ರ ಹೇರಿಕೊಂಡಿತು, ಹೊರಟಾಗ ಹತ್ತೂವರೆ. ನಮ್ಮ ಕಡೆಯ ಟೆಂಪೋಗಳಲ್ಲಿ ಮೊಣಕಾಲು ಮಡಚಿ ಕೂತು ಬೆಳೆದವನಿಗೆ ಇದಕ್ಕೆ ಪುಸ್ತಕ ಬೇಕಿರಲಿಲ್ಲ.

ಮಾತಿನ ವಿಷಯದಲ್ಲೂ ಅಷ್ಟೇ. ಪುಸ್ತಕದ ಕೊನೆಯಲ್ಲಿ ಎರಡು ಪುಟದ ಪದಪಟ್ಟಿ ಇತ್ತು. ತಜಿಕ್ ಭಾಷೆ ಪಾರಸಿಯದೇ ಒಂದು ರೂಪ. ಉತ್ತರ ಕರ್ನಾಟಕದಲ್ಲಿ ಬೆಳೆದವನ ಕಿವಿಗೆ ಪಾರಸಿ ಹೊಸದೇನಲ್ಲ. ಮೇಜಿಗೆ ಮಿಜ್, ಜಮೀನಿಗೆ ಜಮೀನ್, ಶಹರಕ್ಕೆ ಶಹರ್, ಕಾರ್ಖಾನೆಗೆ ಕೋರ್‌ಖೋನಾ, ವಾರಕ್ಕೆ ಹಫ್ತಾ. ಆದರೆ ಬರೆಯುವುದು ರಷ್ಯನ್ ಲಿಪಿಯಲ್ಲಿ. ಹಾಗಾಗಿ ಭಾಷೆ ಕಿವಿಗೆ ನೆಂಟ, ಕಣ್ಣಿಗೆ ಅಪರಿಚಿತ. ಎಡವಟ್ಟುಗಳೂ ಆದವು. ಗರ್ಮ್ ಚಷ್ಮಾ ಎಂಬ ಬಿಸಿನೀರಿನ ಬುಗ್ಗೆಯ ಹೆಸರು ಕೇಳಿದಾಗೆಲ್ಲ ನನಗೆ ನಮ್ಮಜ್ಜನ ಚಸ್ಮಾ ಬಿಸಿಲಲ್ಲಿ ಕಾದಂತೆ ಅನಿಸುತ್ತಿತ್ತು. ಡ್ರೈವರನ್ನು ಗೌರವದಿಂದ "ಅಕಾ" ಅನ್ನಬೇಕು, ಅಣ್ಣ ಎಂದರ್ಥ. ಗುಬುರು ಮೀಸೆಯ ಆಸಾಮಿಯನ್ನು ಅಕ್ಕ ಎಂದು ಕರೆಯುತ್ತಿದ್ದೇನೆಂಬ ಮುಜುಗರ ಹೋಗಲು ಮೂರು ದಿನ ಬೇಕಾಯಿತು.

ಇಷ್ಕಾಶಿಮ್‌ನಿಂದ ಮುಂದಿನದು ವಾಖಾನ್ ಕಣಿವೆ. ಬಲಕ್ಕೆ ಪಂಜ್ ನದಿ, ನದಿಯಾಚೆ ಅಫ್ಘಾನಿಸ್ತಾನ. ಕತ್ತೆ ಹೊಡೆದುಕೊಂಡು ಹೋಗುವ ಹುಡುಗನ ಅಂಗಿಯ ಬಣ್ಣ ಗೊತ್ತಾಗುವಷ್ಟು ಹತ್ತಿರ. ಬ್ರಿಟಿಷರೂ ರಷ್ಯನ್ನರೂ 1895ರಲ್ಲಿ ಗೆರೆ ಎಳೆಯುವವರೆಗೆ ಇದು ಒಂದೇ ಸೀಮೆ. ಎರಡು ದಡದಲ್ಲೂ ಈಗಲೂ ವಾಖಿ ಭಾಷೆಯೇ. ನನ್ನ ಪುಸ್ತಕವೂ ಆ ಗೆರೆಯನ್ನು ಚಾಚೂ ತಪ್ಪದೆ ಪಾಲಿಸಿತ್ತು. ಈ ದಡ ಒಂದು ಅಧ್ಯಾಯದಲ್ಲಿ, ಆ ದಡ ನೂರಾರು ಪುಟ ದಾಟಿ ಇನ್ನೊಂದರಲ್ಲಿ.

ಕಲ್ಲಿನ ವಿಷಯದಲ್ಲಿ ಮಾತ್ರ ಪುಸ್ತಕ ಸುಳ್ಳಾಗಲಿಲ್ಲ. ವ್ರಾಂಗ್ ಊರಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಸ್ತೂಪದಂಥ ರಚನೆ ಅದು ಹೇಳಿದ ಜಾಗದಲ್ಲೇ ಇತ್ತು. ಬೌದ್ಧರದ್ದೆಂದು ಕೆಲವರು, ಅಗ್ನಿಪೂಜಕರದ್ದೆಂದು ಕೆಲವರು. ಬಿಸಿಲಲ್ಲಿ ಏದುಸಿರು ಬಿಡುತ್ತ ಕೂತಾಗ ನೆನಪಾದವನು ಚೀನೀ ಭಿಕ್ಷು ಹ್ಯೂಯೆನ್ ತ್ಸಾಂಗ್. ನಮ್ಮ ಶಾಲೆಯ ಪಾಠದಲ್ಲಿ ಅವನು ಇಮ್ಮಡಿ ಪುಲಕೇಶಿಯ ನಾಡಿಗೆ ಬಂದವನು. ಅದೇ ಮನುಷ್ಯ ಚೀನಾಕ್ಕೆ ಮರಳುವಾಗ ಈ ಕಣಿವೆಯನ್ನು ಹಾದ. ಊರಿನಿಂದ ಊರಿಗೆ ಎಷ್ಟು ದೂರ, ಯಾವ ದಿಕ್ಕು, ಎಂಥ ಬೆಳೆ, ಎಂಥ ಜನ ಎಂದು 646ರಲ್ಲಿ ಬರೆದು ಮುಗಿಸಿದ. ಸಾವಿರದ ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಪುರಾತತ್ವಜ್ಞ ಆರೆಲ್ ಸ್ಟೈನ್ ಆ ಬರಹವನ್ನೇ ನಂಬಿಕೊಂಡು ಮಧ್ಯ ಏಷ್ಯಾದಲ್ಲಿ ಹಾಳೂರುಗಳನ್ನು ಹುಡುಕಿದ. ಬಾಡಿಗೆ ರೂಮಿನ ದರ ಬರೆಯದಿದ್ದದ್ದೇ ಭಿಕ್ಷುವಿನ ಜಾಣತನ.

ಕಣಿವೆಯ ಕೊನೆಗೆ ಲಂಗರ್. ಪಾಮಿರ್ ಮತ್ತು ವಾಖಾನ್ ನದಿಗಳು ಇಲ್ಲಿ ಕೂಡಿ ಪಂಜ್ ಆಗುತ್ತವೆ. ಪುಸ್ತಕ ಹೆಸರಿಸಿದ ಮನೆಯ ಮುಂದೆ ಆಗಲೇ ಎರಡು ಜೀಪು, ನಾಲ್ಕು ಸೈಕಲ್ಲು. ಜಾಗವಿಲ್ಲ. ಅಕಾ ನನ್ನನ್ನು ಪಕ್ಕದ ಮನೆಗೆ ಕರೆದೊಯ್ದ. ನೀಲಿ ಗೇಟು, ಒಂಟಿ ಪಾಪ್ಲರ್ ಮರ. ಒಳಗೆ ಪಾಮಿರಿ ಮನೆ, ಪುಸ್ತಕ ವರ್ಣಿಸಿದಂತೆಯೇ: ಪ್ರವಾದಿ ಮತ್ತು ಅವರ ಮನೆಯವರ ಹೆಸರಿನ ಐದು ಕಂಬ, ಮಾಡಿನ ನಡುವೆ ಒಂದರೊಳಗೊಂದು ತಿರುಗಿಸಿಟ್ಟ ನಾಲ್ಕು ಚೌಕದ ಬೆಳಕಿಂಡಿ. ಅಲ್ಲಿಂದ ಇಳಿದ ಬಿಸಿಲು ನಮ್ಮ ಗವಾಕ್ಷಿಯ ಬಿಸಿಲಿನ ಹಾಗೆ ಹೊಗೆಯಲ್ಲಿ ನಿಂತಿತ್ತು. ಅಜ್ಜಿ ಶೀರ್ ಚಾಯ್ ಕೊಟ್ಟಳು. ಹಾಲು, ಉಪ್ಪು, ಬೆಣ್ಣೆ ಹಾಕಿದ ಚಹಾ, ಅದಕ್ಕೆ ಮುರಿದು ಹಾಕಿದ ರೊಟ್ಟಿ. ಚಹಾ ಎಂದುಕೊಂಡರೆ ಕಷ್ಟ. ಸಾರು ಎಂದುಕೊಂಡೆ, ಇಳಿಯಿತು.

ಮೊಮ್ಮಗಳಿಗೆ ಇಂಗ್ಲಿಷ್ ಬರುತ್ತಿತ್ತು. ಪುಸ್ತಕ ತೆಗೆದುಕೊಂಡು ಲಂಗರ್ ಇದ್ದ ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದಳು. ಇಡೀ ಊರಿಗೆ ಆರು ಸಾಲು, ಅದರಲ್ಲಿ ಎರಡು ಪಕ್ಕದ ಮನೆಗೆ. ಅಜ್ಜಿ ಏನೋ ಕೇಳಿದಳು.

"ನಮ್ಮ ಮನೆ ಯಾಕಿಲ್ಲ ಅಂತಾಳೆ," ಅಂದಳು ಹುಡುಗಿ.

ಏನು ಹೇಳಲಿ? ಬರೆದವನು ಬಂದ ದಿನ ಜೀಪು ಆ ಗೇಟಿನ ಮುಂದೆ ನಿಂತಿತ್ತು, ಅಷ್ಟೇ ಇರಬಹುದು. ಆದರೆ ಆ ಎರಡು ಸಾಲಿನಿಂದ ಆ ಮನೆಗೆ ಹೊಸ ಕೋಣೆ, ಬಿಸಿನೀರಿನ ಸ್ನಾನದ ಮನೆ ಬಂದಿತ್ತು. ಪಾಮಿರ್ ಸೀಮೆ ದೇಶದ ಅರ್ಧಕ್ಕೆ ಹತ್ತಿರದಷ್ಟು ನೆಲ, ಜನ ನೂರಕ್ಕೆ ಮೂರರಷ್ಟು. ದುಡಿಯುವ ಗಂಡಸರು ರಷ್ಯಾ ಸೇರಿದ್ದಾರೆ, ಈ ಮನೆಯ ಮಗನೂ. ಬೇಸಿಗೆಯಲ್ಲಿ ಬರುವ ಬೆರಳೆಣಿಕೆಯ ಹೊರಗಿನವರೆಲ್ಲ ಒಂದೇ ಪುಸ್ತಕದ ಒಂದೇ ಪುಟ ಓದಿಕೊಂಡು ಒಂದೇ ಬಾಗಿಲು ತಟ್ಟುತ್ತಾರೆ. ಸಂತೆ ತಪ್ಪಿದ್ದಕ್ಕೆ ಪುಸ್ತಕದ ಮೇಲೆ ಮುನಿಸಿಕೊಂಡಿದ್ದೆನಲ್ಲ, ನಾನು ಕಳೆದುಕೊಂಡದ್ದು ಒಂದು ಬೆಳಗು.

ಪೆನ್ನು ಕೊಟ್ಟೆ. ಹುಡುಗಿ ಅಂಚಿನ ಖಾಲಿ ಜಾಗದಲ್ಲಿ ತನ್ನ ಮನೆಯನ್ನು ಬರೆದಳು. ರಷ್ಯನ್ ಅಕ್ಷರದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ಗೇಟು, ಮರ, ನಡುವೆ ದಾರಿ ಎಂದು ಸಣ್ಣ ನಕ್ಷೆ. ಅಜ್ಜಿ ಬಗ್ಗಿ ನೋಡಿ, ಮರ ಇನ್ನೂ ಎತ್ತರ ಬರೆಯಲು ಹೇಳಿದಳು.

ಮಾರನೆಯ ದಿನ ಖರ್ಗುಶ್ ಕಣಿವೆದಾರಿ, 4,344 ಮೀಟರ್. ಬಸ್ಸಿಲ್ಲ ಎಂದಿತ್ತು ಪುಸ್ತಕ. ನಿಜ, ಬಸ್ಸಿರಲಿಲ್ಲ. ತಲೆನೋವು ಇತ್ತು. ಸಂಜೆ ಮುರ್ಗಾಬ್ ತಲುಪಿದೆವು. ಮರವಿಲ್ಲದ ಬಯಲಿನಲ್ಲಿ ಹಳೇ ಕಂಟೇನರುಗಳನ್ನೇ ಅಂಗಡಿ ಮಾಡಿಕೊಂಡ ಬಜಾರು. ಇಲ್ಲಿ ಕಿರ್ಗಿಜ್ ಮಾತು, ನನ್ನ ಪಾರಸಿ ನೆಂಟಸ್ತಿಕೆ ಮುಗಿಯಿತು.

ನೂಡಲ್ಸ್ ಕೊಳ್ಳುತ್ತಿದ್ದ ಒಂದು ಸೈಕಲ್ ಜೋಡಿ ಸಿಕ್ಕಿತು. ಕಿರ್ಗಿಜ್‌ಸ್ತಾನದ ಓಶ್ ಕಡೆಯಿಂದ ಬಂದು ವಾಖಾನಿಗೆ ಹೊರಟವರು. ಅವರ ಹತ್ತಿರ ಹೊಸ ಆವೃತ್ತಿ. ಕೇಳಿ ಇಸಕೊಂಡು ಲಂಗರ್ ಪುಟ ತೆಗೆದೆ. ಪಕ್ಕದ ಮನೆ ಹಾಗೆಯೇ ಇತ್ತು, ಅದೇ ಎರಡು ಸಾಲು, ಬೆಲೆ ಮಾತ್ರ ಹೊಸದು. ನನ್ನ ಪುಸ್ತಕದ ಅಂಚನ್ನು ಅವರ ಮುಂದೆ ಹಿಡಿದೆ. ಹುಡುಗ ಫೋಟೋ ತೆಗೆದುಕೊಂಡ. ಹುಡುಗಿ ಹಾಗೆ ನಂಬುವವಳಲ್ಲ, ಪೆನ್ಸಿಲ್ ತೆಗೆದು ತನ್ನ ಪುಸ್ತಕದ ಅಂಚಿಗೇ ನಕಲು ಮಾಡಿಕೊಂಡಳು. ಮರವನ್ನು ಗಿಡ್ಡ ಬರೆದಳು. ಎತ್ತರ ಮಾಡಿಸಿದೆ.

"ರಾತ್ರಿಗೆ ಎಷ್ಟು?" ಎಂದು ಕೇಳಿದಳು.

ನಾನು ಕೊಟ್ಟದ್ದು ಎಷ್ಟೆಂದು ಹೇಳಿದೆ. ಅವಳು ಅದನ್ನೂ ಬರೆದುಕೊಂಡಳು.