ತಂದೆಯವರ ಸೈಕಲ್ಲು

ನಮ್ಮ ತಂದೆಯವರ ರ್ಯಾಲೆ ಸೈಕಲ್ಲು ಬಚ್ಚಲ ಮನೆಯ ಸೌದೆಯ ಪಕ್ಕದಲ್ಲಿ ಇಪ್ಪತ್ತು ವರ್ಷ ನಿಂತಿತ್ತು. ವೈರಮುಡಿಗೆಂದು ಮೈಸೂರಿನಿಂದ ಮೇಲುಕೋಟೆಗೆ, ಸುಮಾರು 50 ಕಿಲೋಮೀಟರು ದಾರಿ, ಅವರು ಅದರ ಮೇಲೆಯೇ ಹೋಗಿಬರುತ್ತಿದ್ದರು. ಹೋದ ವರ್ಷ ಅವರು ತೀರಿಕೊಂಡ ಮೇಲೆ ಅದನ್ನು ಸರಿಮಾಡಿಸಿ ನಾನೂ ಒಮ್ಮೆ ಆ ಏರು ಹತ್ತಬೇಕೆಂಬ ಹುಚ್ಚು ಹಿಡಿಯಿತು. ಅರವತ್ತರಲ್ಲಿ ಹಿಡಿದ ಹುಚ್ಚು ಬೇಗ ಬಿಡುವುದಿಲ್ಲವೆಂಬುದಕ್ಕೆ ನನ್ನ ಹೆಂಡತಿಯೇ ಸಾಕ್ಷಿ.

ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು? ಟೈರಿಗೆ ಯೋಚನೆಯಿಲ್ಲ, 28 ಇಂಚಿನದು ಇಂದಿಗೂ ಸಿಗುತ್ತದೆ. ಬ್ರೇಕ್ ರಬ್ಬರು, ಕಾಟರ್ ಪಿನ್ನು, ಚೈನು ಎಲ್ಲವೂ ಹೊಸವೇ. ಪ್ರಾಣದ ಪ್ರಶ್ನೆಯಿರುವಲ್ಲಿ ಹಳೆಯದರ ವ್ಯಾಮೋಹ ಸಲ್ಲದು. ತಕರಾರು ಮಾಡಿದ್ದು ಪೆಡಲಿನ ಅಚ್ಚನ್ನು ಹಿಡಿದಿರುವ ಕಪ್ಪು. ಬೇರೆ ಇಂಗ್ಲಿಷ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಅಂಗುಲಕ್ಕೆ 24 ಥ್ರೆಡ್ಡಾದರೆ ನಾಟಿಂಗ್‌ಹ್ಯಾಮಿನ ಈ ಹಳೆಯ ರ್ಯಾಲೆಯಲ್ಲಿ 26! ಅಂಗಡಿಯ ಕಪ್ಪು ಒಂದು ಸುತ್ತು ಹೋಗಿ ಹಟಹಿಡಿದು ನಿಂತಿತು. ಬಲವಂತ ಮಾಡಿದ್ದರೆ ಫ್ರೇಮೇ ಹಾಳಾಗುತ್ತಿತ್ತು. ಪುಣ್ಯಕ್ಕೆ ಹಳೆಯ ಕಪ್ಪು ಸವೆದಿರಲಿಲ್ಲ. ಪಕ್ಕಕ್ಕೆ 11ರಂತೆ ಕಾಲಿಂಚಿನ ಹೊಸ ಗುಂಡು ಹಾಕಿ, ಗ್ರೀಸು ತುಂಬಿ, ಅದನ್ನೇ ಕೂಡಿಸಿದೆವು.

ನಿಜವಾದ ಜಗಳ ನಡೆದದ್ದು ಹಿಂದಿನ ಚಕ್ರದ ಮೇಲೆ. ಅದರ ನಡುವೆ ಇರುವುದು ಸ್ಟರ್ಮಿ ಆರ್ಚರ್ ಮೂರು ಗೇರಿನ ಹಬ್ಬು. ಮೈಮೇಲೆ 52 ಎಂದು ಅಚ್ಚೊತ್ತಿದೆ, ಅಂದರೆ 1952ರದು. ಎರಡನೆಯ ಗೇರು ನೇರ. ಮೊದಲನೆಯದರಲ್ಲಿ ಚಕ್ರ ಅದರ ಮುಕ್ಕಾಲು ಪಾಲು ಮಾತ್ರ ತಿರುಗುವುದರಿಂದ ಏರಿನಲ್ಲಿ ಕಾಲಿಗೆ ಹಗುರ.

“ತೆಗೆದುಬಿಡಿ ಸ್ವಾಮಿ, ಮಾಮೂಲಿ ಚಕ್ರ ಹಾಕ್ತೀನಿ. ಗೇರೂ ಇಲ್ಲ, ಗೋಳೂ ಇಲ್ಲ” ಎಂದರು ರಿಪೇರಿಯ ಸಾಬರು. ಮಗನದು ಇನ್ನೊಂದು ರಾಗ. ಆ ಹೆಸರು 2000ರಲ್ಲಿ ತೈವಾನಿನವರ ಕೈಸೇರಿದೆ, ಹೊಸದನ್ನೇ ತರಿಸೋಣ ಎಂದ.

ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಆದರೆ ಆ ಹಬ್ಬಿಗೊಂದು ಸದ್ದಿದೆ. ಎರಡು, ಮೂರನೆಯ ಗೇರಿನಲ್ಲಿ ತುಳಿಯುತ್ತಿದ್ದರೂ ಒಳಗೆ ಟಿಕ್ ಟಿಕ್ ಎನ್ನುತ್ತದೆ, ಮೊದಲನೆಯದರಲ್ಲಿ ಸುಮ್ಮನಾಗುತ್ತದೆ. ಸಂಜೆ ಬೀದಿಯ ತಿರುವಿನಲ್ಲಿ ಆ ಟಿಕ್ ಟಿಕ್ ಕೇಳಿದೊಡನೆ ಅಮ್ಮ ಕಾಫಿಗೆ ಹಾಲಿಡುತ್ತಿದ್ದಳು. ಇದನ್ನು ಸಾಬರಿಗೆ ಹೇಗೆ ಹೇಳುವುದು? “ಇದೇ ಇರಲಿ” ಎಂದಷ್ಟೇ ಎಂದೆ. ಅವರು ಬಿಚ್ಚಿ, ಸೀಮೆ‌ಎಣ್ಣೆಯಲ್ಲಿ ತೊಳೆದು, ಎಣ್ಣೆ ಬಿಟ್ಟು, ಗೇರಿನ ತಂತಿಯೊಂದನ್ನೇ ಹೊಸದು ಹಾಕಿದರು. ಮತ್ತೇನೂ ಬೇಕಾಗಲಿಲ್ಲ.

ಸೀಟಿನಲ್ಲಿ ಸೋತೆ. ಬ್ರೂಕ್ಸ್ ಕಂಪೆನಿಯ ಚರ್ಮದ ಸೀಟು. ತಂದೆಯವರು ಕೂತು ಕೂತು ಬಲಗಡೆ ಹೆಚ್ಚು ತಗ್ಗಾಗಿತ್ತು. ಮುಂದಿನಿಂದ ನಡುವಿನವರೆಗೆ ಸೀಳಿಹೋಗಿತ್ತು. ಹೊಲಿಸಿದರೂ ನನ್ನ ಭಾರ ತಡೆಯದೆಂದು ಸಾಬರು ಖಂಡಿತವಾಗಿ ಹೇಳಿದರು. ಹೊಸದನ್ನು ಹಾಕಿಸಿ, ಹಳೆಯದನ್ನು ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಸೇರಿಸಿದೆ. ಅಮ್ಮನಿಗೆ ಹೇಳಲಿಲ್ಲ.

ಮೊದಲ ದಿನ ಬೀದಿ ಸುತ್ತಿ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಹತ್ತಿರ ಬಂದು ಹ್ಯಾಂಡಲ್ ಮುಟ್ಟಿದಳು. ಆಮೇಲೆ ಸೀಟಿನ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದಳು.

“ಅವರದೆಲ್ಲಿಟ್ಟೆ?”

“ಅಟ್ಟದ ಮೇಲೆ.”

“ಇಳಿಸು. ಇಲಿ ಕಡಿಯುತ್ತೆ” ಎಂದು ಹಾಲಿಡಲು ಒಳಗೆ ಹೋದಳು.